ಕೆಂಪು ಗುರುತಿನ ಬಂಧ

ಏನನ್ನಾದರೂ ಕಂಡು ಬೆರಗಾದಾಗ ಮಾತ್ರ ಅವರ ಬಾಯಲ್ಲಿ ಹುಟ್ಟೂರು ಹೆಮ್ಮಿಗೆಯ ಆಡುಮಾತು ಬರುತ್ತಿತ್ತು. ಮಿಕ್ಕಂತೆ, ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಜೀವರಸಾಯನ ಹೇಳಿಕೊಡುತ್ತಿದ್ದ ಆ ಮೇಡಂ ಅಳೆದು ತೂಗಿ ಮಾತಾಡುವವರು.

ಪ್ರೋಟೀನಿನ ಸರಪಳಿಯ ಕೊಂಡಿಗಳನ್ನು ಬೆಸೆಯುವ ಪೆಪ್ಟೈಡ್ ಬಂಧದ ಪಾಠಕ್ಕೆ ಅವರು ಬೋರ್ಡು ಬಳಸಿದ್ದನ್ನು ನಾನು ಕಾಣೆ. ಎರಡೂ ಅಂಗೈಗಳನ್ನು ಚಪ್ಪಟೆಯಾಗಿ ಜೋಡಿಸಿ, "ಅಂಗಡಿಯ ಮಡಚುವ ಬಾಗಿಲು ನೋಡಿದ್ದೀರಲ್ಲ? ಪ್ರೋಟೀನೂ ಹಾಗೇ. ಕೀಲು ತಿರುಗುತ್ತೆ, ಹಲಗೆ ಬಾಗಲ್ಲ. ಆ ಹಲಗೆಯೇ ಈ ಬಂಧ" ಎನ್ನುವರು. ನಾವು ಏನೇ ಕೇಳಿದರೂ "ಮೊದಲು ಮಾದರಿ ತಿರುಗಿಸಿ ನೋಡಮ್ಮ" ಎಂಬುದೇ ಉತ್ತರ.

ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ನಾನು ಕಟ್ಟುತ್ತಿದ್ದ ಪ್ರೋಟೀನಿನ ಮಾದರಿಯಲ್ಲಿ ಒಂದು ಬಂಧಕ್ಕೆ, ತಪ್ಪಿರಬಹುದೆಂದು ಎಚ್ಚರಿಸುವ ಕೆಂಪು ಗುರುತು ಬಿತ್ತು. ಸಾಮಾನ್ಯವಾಗಿ ಸರಪಳಿ ಈ ಬಂಧದ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ದಾಟುತ್ತದೆ. ಇಲ್ಲಿ ಬಂದ ಬದಿಗೇ ಹೊರಳಿತ್ತು. ಸಂಜೆಯೊಳಗೆ ಮಾದರಿಯನ್ನು ಪ್ರೋಟೀನುಗಳ ದತ್ತಕೋಶಕ್ಕೆ ಕಳಿಸಬೇಕಿತ್ತು, ಕೆಂಪು ಉಳಿದರೆ ವಾಪಸ್ ಬರುವ ಭಯ. ತಪ್ಪೆಂದುಕೊಂಡು ಬಂಧವನ್ನು ನೆಟ್ಟಗೆ ಮಾಡಿದೆ. ಕೆಂಪು ಹೋಯಿತು.

"ತಿರುಗಿಸಿ ನೋಡಿದೆಯೇನಮ್ಮ?" ಎಂದರು ಹಿಂದೆ ನಿಂತಿದ್ದ ಮೇಡಂ.

ಆಗ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿದೆ. ಎಕ್ಸ್-ರೇ ಪ್ರಯೋಗದಿಂದ ಸಿಕ್ಕ, ನೀಲಿ ಬಲೆಯಂಥ ನಕ್ಷೆಯೊಳಗೆ ಪರಮಾಣುಗಳೆಲ್ಲ ಕೂರಬೇಕು. ನಾನು ನೆಟ್ಟಗೆ ಮಾಡಿದ ಬಂಧದ ಆಮ್ಲಜನಕ ಬಲೆಯ ಹೊರಗೆ ಚಾಚಿಕೊಂಡಿತ್ತು. ಅವರು ಮೌಸ್ ಹಿಡಿದು ಅದನ್ನು ಮೊದಲಿನಂತೆ ಹೊರಳಿಸಿದರು. ಬಲೆಯೊಳಗೆ ಸರಿಯಾಗಿ ಕೂತಿತು; ಆ ಅಪರೂಪದ ಹೊರಳು ನಿಜವೇ ಆಗಿತ್ತು. ಕೆಂಪೂ ಮರಳಿ ಬಂತು.

"ಮೇಡಂ, ವಾಪಸ್ ಕಳಿಸ್ತಾರೆ" ಎಂದೆ.

ಅವರಿಗೆ ಕೇಳಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಹಣೆಗೇರಿಸಿ, ಪರದೆಗೆ ಮುಖ ತಾಗುವಷ್ಟು ಬಗ್ಗಿ ಆ ಬಂಧವನ್ನೇ ಕೇಳುತ್ತಿದ್ದರು:

"ಯಾಕವ್ವ ಇಂಗ್ ತಿರುಕ್ಕೊಂಡಿದ್ದೀಯೆ? ಒಳ್ಗೆ ಏನ್ ಇಡ್ಕೊಂಡಿದ್ದೀಯ, ನಂಗೆ ಏಳವ್ವ!"