ಇಲಿ ಕಚ್ಚಿದ ಬೆರಳು, ಕಾಲಿದ್ದ ವೈರಸ್ಸು

ನಾಗರಹಾವಿನ ಬಾಲ ಹಿಡಿದು ಗಿರಗಿರ ತಿರುಗಿಸಿ ಬಿಸಾಕಿದೋನು ನಾನು. ಬ್ಯಾಡರಹಳ್ಳೀಲಿ ಯಾರನ್ನ ಬೇಕಾದ್ರೂ ಕೇಳಿ. ಅಂಥ ನನಗೆ, ಕೆಂಗೇರಿ ಹತ್ರದ ಲ್ಯಾಬಲ್ಲಿ ಇಲಿ ಬೋನು ತೊಳೆಯೋವಾಗ, ಒಂದು ಬಿಳಿ ಇಲಿ ಬೆರಳು ಕಚ್ಚಿಬಿಡ್ತು. ಅದೂ ಎಂಥ ಇಲಿ! ಗರ್ಭಕೋಶದಲ್ಲಿ ಕ್ಯಾನ್ಸರ್ ಎಬ್ಬಿಸೋ ವೈರಸ್ಸು ಹಾಕಿದ್ದ ಇಲಿ. ಗಂಡಸಿಗೆ ಗರ್ಭಕೋಶ ಇಲ್ಲವಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಆದ್ರೆ ವೈರಸ್ಸಿಗೆ ಅದು ಗೊತ್ತಿರಬೇಕಲ್ಲ! ಬೆರಳು ಮುಚ್ಚಿಕೊಂಡು, ಮೈಕ್ರೋಸ್ಕೋಪ್ ಮುಂದೆ ಕೂತಿದ್ದ ಡಾಕ್ಟರಮ್ಮನ ಹತ್ರ ಹೋದೆ.

“ಆ ವೈರಸ್ಸು ನಂಗೂ ಒಂಚೂರು ತೋರ್ಸಿ ತಾಯಿ.”

“ಬನ್ನಿ ತಾತ. ಇದು ಇಲಿ ಗರ್ಭಕೋಶದ ತೆಳ್ಳನೆ ಚೂರು.”

ಕಣ್ಣಿಟ್ಟೆ. ಕರೀ ಕಾಲುಗಳು ಪಟಪಟ ಆಡ್ತಿದ್ವು!

“ಅಯ್ಯೋ, ಜೀವ ಇದೆ ಕಣಮ್ಮಾ!”

“ಅದು ನಿಮ್ಮ ರೆಪ್ಪೆ ಕೂದಲು ತಾತ! ಇದ್ರಲ್ಲಿ ವೈರಸ್ ಕಾಣಲ್ಲ, ಅದು ಕೆಡಿಸಿರೋ ಜಾಗ ಮಾತ್ರ ಕಾಣುತ್ತೆ.”

“ಮನುಷ್ಯರಿಗೂ ಬರುತ್ತಾ?”

“ಇಲ್ಲ, ಇದು ಇಲಿಗಳಿಗೆ ಮಾತ್ರ. ಯಾಕೆ, ಕಚ್ತಾ?”

“ನನ್ನ ಕಚ್ಚೋ ಇಲಿ ಇನ್ನೂ ಹುಟ್ಟಿಲ್ಲ!” ಅಂತ ಕೈ ಎತ್ತಿದೆ. ಬೆರಳಿಂದ ರಕ್ತ ಜಿನುಗ್ತಿತ್ತು.

ತೋಳಿಗೆ ಒಂದು ಟಿಟಿ ಇಂಜೆಕ್ಷನ್ ಬಿತ್ತು. ಆದ್ರೇನಂತೆ, ನಮ್ಮ ಬೀದೀಲಿ ವೈರಸ್ಸಿನ ಕಾಲುಗಳನ್ನ ಕಣ್ಣಾರೆ ನೋಡಿದೋನು ನಾನೊಬ್ಬನೇ.