ಅಡುಗೆಮನೆಯ ಲೈಟು, ಚಾವಡಿಯ ಸ್ವಿಚ್ಚು

ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ನಮ್ಮೂರು ನರಿಕೊಂಬಿನಲ್ಲಿ ಎಲ್ಲರಿಗೂ ಗೊತ್ತು. ನಾನೂ ಇಲ್ಲವೆನ್ನುವುದಿಲ್ಲ. ಬಿ.ಸಿ.ರೋಡಿನ ಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುವಾಗ ಸೊಳ್ಳೆ ಹಾರಿದರೂ ಕೊನೆಯ ಬೆಂಚಿಗೆ ಕೇಳಬೇಕು. ಆದರೆ ಅದು ಸಂಬಳಕ್ಕೆ ಮಾಡುವ ಸಿಟ್ಟು. ಈಗ ಹೇಳಹೊರಟಿರುವುದು ಮನೆಯದ್ದು, ಅದರ ಮೂಲ ಮನೆಯ ಮುಂಭಾಗದ ಹಜಾರದಲ್ಲಿ, ನಮ್ಮ ಚಾವಡಿಯ ಗೋಡೆಯಲ್ಲಿದೆ. ಅಲ್ಲಿ ನಮ್ಮ ಅಡುಗೆಮನೆಯ ಲೈಟಿನ ಸ್ವಿಚ್ಚು ಇದೆ. ನೀವು ಸರಿಯಾಗಿಯೇ ಓದಿದಿರಿ. ಲೈಟು ಅಡುಗೆಮನೆಯಲ್ಲಿ, ಸ್ವಿಚ್ಚು ಚಾವಡಿಯಲ್ಲಿ. ನಡುವೆ ಒಂದು ಊಟದ ಕೋಣೆ.

ಇದು ನನ್ನ ಸೋದರಮಾವನ ಕಾರುಬಾರು. ನಮ್ಮದು ಅಳಿಯಸಂತಾನದ ಕುಟುಂಬ. ಮನೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದದ್ದು. ಮದುವೆಯಾಗಿ ಇಲ್ಲಿಗೆ ಬಂದವರು ನನ್ನ ಗಂಡ. ಘಟ್ಟದ ಮೇಲಿನವರು ಇದನ್ನು ಕೇಳಿ, ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯ ಎಂದು ಕಣ್ಣರಳಿಸುತ್ತಾರೆ. ನಾನೂ ತರಗತಿಯಲ್ಲಿ ಹೆಮ್ಮೆಯಿಂದ ಹಾಗೇ ಹೇಳುತ್ತೇನೆ. ಹೇಳದೆ ನುಂಗುವ ಸಂಗತಿಯೊಂದಿದೆ: ಮನೆ ಹೆಣ್ಣಿನದಾದರೂ ಯಜಮಾನಿಕೆ ಮಾವನದ್ದು. ಕರೆಂಟು ಬಂದ ಕಾಲದಲ್ಲಿ ಮಾವ ತನ್ನ ಆರಾಮಕುರ್ಚಿಯ ಪಕ್ಕದಲ್ಲಿ ಇಡೀ ಮನೆಯ ಸ್ವಿಚ್ಚುಗಳನ್ನು ಸಾಲಾಗಿ ಹಾಕಿಸಿಕೊಂಡರು. ಯಾವ ಕೋಣೆಗೆ ಎಷ್ಟು ಹೊತ್ತು ಬೆಳಕು ಎಂಬುದು ಕೂತಲ್ಲೇ ತೀರ್ಮಾನ. ಮಾವ ತೀರಿಕೊಂಡ ಮೇಲೆ ಕುರ್ಚಿ ಖಾಲಿಯಾಯಿತು, ಇವರು ಬಂದು ಕೂತರು.

ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಸುಮ್ಮನೆ ಉರಿಯುವ ಲೈಟು ಕಂಡರೆ ಇವರಿಗೆ ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ, ಅಷ್ಟೆ. ಸಂಜೆ ಪೇಪರು ಮಡಚಿಟ್ಟು ಬೋರ್ಡಿನತ್ತ ಕೈ ಚಾಚಿ ಟಕ್ ಟಕ್ ಎಂದು ಒಂದೊಂದೇ ಕೋಣೆಯನ್ನು ಆರಿಸುತ್ತಾರೆ. ನಾನು ಕತ್ತಲಲ್ಲಿ ಸೌಟು ಹಿಡಿದು ಕೂಗುತ್ತೇನೆ. ಆಚೆಯಿಂದ ಪ್ರತಿ ಸಲವೂ ಒಂದೇ ಮಾತು: "ಓ, ನೀನು ಅಲ್ಲಿದ್ದೀಯಾ?"

ಮತ್ತೆಲ್ಲಿರಬೇಕಿತ್ತು? ಮದುವೆಯಾದಂದಿನಿಂದ ದಿನಾ ಆ ಹೊತ್ತಿಗೆ ನಾನು ಅಲ್ಲೇ ಇದ್ದೇನೆ. ನಾನು ಮಾಡಿದ ಸಾರು ಇವರಿಗೆ ದಿನಾ ನೆನಪಿರುತ್ತದೆ, ಮಾಡುವವಳು ಮರೆತುಹೋಗುತ್ತಾಳೆ.

ಮೊನ್ನೆ ಒಂದು ಸಂಜೆ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಟಕ್ ಎಂದಿತು. ಮೀನಿನ ಜೊತೆ ಬೆರಳೂ ಕೊಯ್ದುಹೋಯಿತು. ರಕ್ತ ಸೋರುವ ಕೈ ಹಿಡಿದುಕೊಂಡು ಚಾವಡಿಗೆ ಬಂದೆ. ಇವರು ಗಾಬರಿಯಿಂದ ಎದ್ದು ಬಟ್ಟೆ ಕಟ್ಟಿದರು. ಕಟ್ಟುತ್ತಾ ಹೇಳಿದರು: "ಒಂದು ಕೂಗು ಹಾಕಿದ್ರೆ ಲೈಟ್ ಹಾಕ್ತಿದ್ದೆನಲ್ಲ." ಬೆರಳಿನ ಗಾಯ ಮಾಗುತ್ತಾ ಬಂದಿದೆ, ಆ ಮಾತಿನದ್ದು ಇನ್ನೂ ಹಸಿಯಾಗಿದೆ. ನನ್ನ ಅಡುಗೆಮನೆಯಲ್ಲಿ ಬೆಳಕಿಗಾಗಿ ನಾನು ಕೂಗಬೇಕೇ? ಅಲ್ಲೊಂದು ಸ್ವಿಚ್ಚು ಹಾಕಿಸಿಯೇ ತೀರುತ್ತೇನೆ ಎಂದು ಆಗಲೇ ನಿಶ್ಚಯಿಸಿದೆ.

ಎಲೆಕ್ಟ್ರಿಷಿಯನ್ ದಿವಾಕರನಿಗೆ ಯಾವಾಗ ಫೋನ್ ಮಾಡಿದರೂ ಅವನು ಮೆಲ್ಕಾರಿನಲ್ಲಿ ಇರುತ್ತಾನೆ. "ಬಂದೆ ಅಕ್ಕ, ಮೆಲ್ಕಾರ್‌ನಲ್ಲಿದ್ದೇನೆ." ಅಂತೂ ಒಂದು ದಿನ ಬಂದ. ಬಂದವನು ನನ್ನನ್ನು ದಾಟಿ ನೇರ ಕುರ್ಚಿಯ ಬಳಿ ಹೋಗಿ ಕೇಳಿದ: "ಅಣ್ಣ, ಎಲ್ಲಿ ಹಾಕುವ?"

"ಅಡುಗೆ ಮಾಡುವವಳು ಇಲ್ಲಿದ್ದೇನೆ, ನನ್ನತ್ರ ಕೇಳು" ಎಂದೆ.

"ಹಾಗಲ್ಲ ಅಕ್ಕ, ಅಣ್ಣನತ್ರ ಒಂದು ಮಾತು..."

ಮನೆ ನನ್ನದು, ಕೊಯ್ದ ಬೆರಳು ನನ್ನದು, ಮಾತು ಮಾತ್ರ ಅಣ್ಣನದ್ದು. ಅಣ್ಣ ಮತ್ತು ತಮ್ಮ ಸೇರಿ ಟು-ವೇ ಸ್ವಿಚ್ಚು ಎಂದು ನಿರ್ಧರಿಸಿದರು. ಒಂದೇ ಲೈಟಿಗೆ ಅಲ್ಲೊಂದು, ಇಲ್ಲೊಂದು. ಎಲ್ಲಿಂದ ಬೇಕಾದರೂ ಹಾಕಬಹುದು, ಎಲ್ಲಿಂದ ಬೇಕಾದರೂ ಆರಿಸಬಹುದು. ಯಾರಿಗೂ ಬೇಸರವಿಲ್ಲದ ಏರ್ಪಾಡು ಎಂದು ನಾನೂ ಒಪ್ಪಿದೆ.

ಅಂದೇ ಸಂಜೆ ಟಕ್ ಎಂದಿತು, ಕತ್ತಲಾಯಿತು. ನಾನು ಎದ್ದು ಹೊಸ ಸ್ವಿಚ್ಚು ಒತ್ತಿದೆ, ಬೆಳಕಾಯಿತು. ಮತ್ತೆ ಟಕ್. ಮತ್ತೆ ಒತ್ತಿದೆ. ಆಮೇಲೆ ಚಾವಡಿಯಿಂದ ಇವರು ಫೋನಿನಲ್ಲಿ ದಿವಾಕರನಿಗೆ ಹೇಳುವುದು ಕೇಳಿಸಿತು: "ಹೊಸ ಸ್ವಿಚ್ಚು ಸರಿ ಇಲ್ಲ ಮಾರಾಯ. ಲೈಟು ತನ್ನಷ್ಟಕ್ಕೆ ಹತ್ತುತ್ತದೆ."

ಒಳಗೊಬ್ಬಳು ಹೆಂಡತಿ ಇರಬಹುದು ಎಂದು ಊಹಿಸುವುದಕ್ಕಿಂತ ಹೊಸ ಸ್ವಿಚ್ಚಿಗೆ ಹುಚ್ಚು ಹಿಡಿದಿದೆ ಎಂದು ನಂಬುವುದು ಇವರಿಗೆ ಸುಲಭವಾಯಿತು.

ಆಗ ನನಗೆ ಅಜ್ಜಿಯ ಚಿಮಣಿದೀಪ ನೆನಪಾಯಿತು. ಹೊಗೆ ಕಾರುವ, ಗೋಡೆ ಕಪ್ಪು ಮಾಡುವ ಆ ದೀಪವನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಅದನ್ನು ಆರಿಸಬೇಕಾದರೆ ಎಂಥ ಯಜಮಾನನೂ ಹತ್ತಿರ ಬರಬೇಕಿತ್ತು, ಬಗ್ಗಬೇಕಿತ್ತು. ಊದುವ ಮೊದಲು ಅದೇ ಬೆಳಕಿನಲ್ಲಿ ಪಕ್ಕದಲ್ಲಿ ಕೂತವಳ ಮುಖ ಕಾಣುತ್ತಿತ್ತು. ಮುಖ ನೋಡದೆ ಬೆಳಕು ಕಸಿಯುವ ಸೌಕರ್ಯ ಕರೆಂಟು ಬಂದ ಮೇಲಿನದ್ದು. ಸಮಾಜ ಪಾಠದ ಪುಸ್ತಕದಲ್ಲಿ ಇದು ಇಲ್ಲ, ಇರಬೇಕಿತ್ತು.

ದಿವಾಕರನನ್ನು ಪುನಃ ಕರೆಸಿದೆ, ಇವರು ಬಿ.ಸಿ.ರೋಡಿಗೆ ಹೋದ ಹೊತ್ತು ನೋಡಿ. ಚಾವಡಿಯ ಸ್ವಿಚ್ಚಿನ ಸಂಪರ್ಕ ತಪ್ಪಿಸು ಎಂದೆ.

"ಅಣ್ಣನತ್ರ..." ಎಂದು ಶುರುಮಾಡಿದವನು ನನ್ನ ಮುಖ ನೋಡಿ ಮಾತು ತಿರುಗಿಸಿದ. "ಸ್ವಿಚ್ಚು ತೆಗೆದ್ರೆ ಬೋರ್ಡಿನಲ್ಲಿ ತೂತು ಕಾಣ್ತದಲ್ಲ ಅಕ್ಕ."

"ಸ್ವಿಚ್ಚು ಅಲ್ಲೇ ಇರಲಿ. ಅದರ ಜೀವ ತೆಗೆ ಸಾಕು."

ಸಂಜೆ ನಾನು ಎಂದಿನಂತೆ ಒಳಗಿದ್ದೆ. ಟಕ್ ಎಂದಿತು. ಲೈಟು ಉರಿಯುತ್ತಲೇ ಇತ್ತು. ಟಕ್ ಟಕ್ ಟಕ್. ಆಮೇಲೆ ಕುರ್ಚಿ ಕಿರುಗುಟ್ಟಿತು, ಊಟದ ಕೋಣೆಯಲ್ಲಿ ಹೆಜ್ಜೆಯ ಸದ್ದಾಯಿತು, ಇವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಈ ಲೈಟು ಯಾಕೆ ಆರುವುದಿಲ್ಲ?"

"ನಾನು ಇಲ್ಲಿದ್ದೇನೆ, ಅದಕ್ಕೆ."

ಇವರು ಬಲ್ಬು ನೋಡಿದರು, ನನ್ನನ್ನು ನೋಡಿದರು, ಬಟ್ಟೆ ಸುತ್ತಿದ ಬೆರಳು ನೋಡಿದರು. ತೊಳೆಯಲು ರಾಶಿ ಬಿದ್ದ ಪಾತ್ರೆಗಳನ್ನೂ ನೋಡಿ, "ಇಷ್ಟು ಕೆಲಸ ಉಂಟಾ ಇನ್ನೂ?" ಎಂದರು.

ಅಲ್ಲಿಗೆ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವುದು ನಮ್ಮ ಮನೆಯ ಕ್ರಮವಲ್ಲ. ತುರಿಮಣೆ ಎಳೆದು ಮುಂದಿಟ್ಟೆ, ಕೈಗೆ ತೆಂಗಿನಕಾಯಿಯ ಹೋಳು ಕೊಟ್ಟೆ.

"ಕೂತ್ಕೊಳ್ಳಿ. ಲೈಟು ಸುಮ್ಮನೆ ಉರಿಯುವುದು ಬೇಡ."