ಗೋಚಾನ ಹಸಿರು ಸಿರಿಂಜು

ಕುತಾಯಿಸಿ ಪಟ್ಟಣದಲ್ಲಿ ನಮ್ಮ ಕೆಲಸ ಇಷ್ಟೇ: ಬಳಸಿದ ಸೂಜಿ ಇಸಿದುಕೊಂಡು ಹೊಸದು ಕೊಡುವುದು. ನಶೆ ಬಿಡಿ ಎಂದು ನಾನು ಯಾರಿಗೂ ಉಪದೇಶ ಮಾಡಿದವಳಲ್ಲ. ಬದುಕಿದ್ದರೆ ತಾನೆ ಬಿಡುವುದು! ಆದರೆ ಇಲ್ಲಿನ ಗಂಡಸರಿಗೆ ಹೊಸ ಸೂಜಿ ಬೇಕಿರಲಿಲ್ಲ. ಒಂದೇ ಬಟ್ಟಲಲ್ಲಿ ವೈನ್ ಕುಡಿದು ಅಣ್ಣತಮ್ಮಂದಿರಾದವರು, ಸೂಜಿಯೂ ಒಂದೇ. ತನ್ನದೇ ಸೂಜಿ ತಂದವನು ಗೆಳೆಯನನ್ನು ನಂಬದವನು ಎಂದೇ ಲೆಕ್ಕ.

ಸುತ್ತಲಿನ ಮನೆಗಳ ಅಂಥ ಗಂಡಸರು ಸೇರುವ ಒಂದು ಅಂಗಳದವನು ಗೋಚಾ. ಸಂಜೆ ಅಕ್ರೋಟು ಮರದಡಿ ಡಾಮಿನೋ ಆಟ, ಆಮೇಲೆ ನೆಲಮಾಳಿಗೆಯಲ್ಲಿ ಸೂಜಿ. ಗೆಳೆಯ ಒತಿಯಾನಿಗೆ ಸೂಜಿಯಿಂದ ಹರಡುವ ಕಾಮಾಲೆ ಬಂದಾಗ ಹೆದರಿ ನಮ್ಮಲ್ಲಿಗೆ ಬಂದ. ಆ ಹೊತ್ತಿಗೆ ನಮಗೆ ತರಬೇತಿ ಕೊಡಲು ರಾಜಧಾನಿಯಿಂದ ಬಂದಿದ್ದ ಹುಡುಗಿಯೊಬ್ಬಳು ಗೋಡೆಗೆ ಮೆಟ್ಟಿಲಿನ ಚಿತ್ರ ಅಂಟಿಸಿ ಪಾಠ ಮಾಡುತ್ತಿದ್ದಳು. ಅಭ್ಯಾಸ ಬದಲಾಗುವುದು ಹೀಗಂತೆ: ಮೊದಲು ಆ ಯೋಚನೆಯೇ ಇರುವುದಿಲ್ಲ, ಆಮೇಲೆ ಯೋಚನೆ, ತಯಾರಿ, ಬದಲಾವಣೆ, ಕೊನೆಗೆ ಅದನ್ನು ಉಳಿಸಿಕೊಳ್ಳುವುದು.

"ನಮ್ಮ ಅಂಗಳದಲ್ಲಿ ಒಬ್ಬೊಬ್ರೇ ಮೆಟ್ಲು ಹತ್ತಲ್ಲಮ್ಮ," ಎಂದ ಗೋಚಾ. "ಜುಂಬರ್ ಹತ್ತಿದ್ರೆ ಎಲ್ರೂ ಹತ್ತಾರೆ."

ಜುಂಬರ್ ಎಂದರೆ ಅಲ್ಲಿ ಯಾವ ಊಟಕ್ಕೆ ಕೂತರೂ ಮೊದಲು ಬಟ್ಟಲು ಎತ್ತಿ ಮಾತಾಡುವ ಹಿರಿಯ.

"ಹಾಗಾದ್ರೆ ಅವರಿಂದ್ಲೇ ಶುರು ಮಾಡಿ," ಎಂದಳು ಹುಡುಗಿ. ಅದೂ ಅವಳ ಪುಸ್ತಕದಲ್ಲಿತ್ತಂತೆ.

ಬಣ್ಣ ಬೇರೆಯಾದರೆ ಅಮಲಿನಲ್ಲೂ ಯಾರದೆಂದು ತಪ್ಪುವುದಿಲ್ಲ ಎಂದು ಗೋಚಾ ನಮ್ಮಿಂದ ಬಣ್ಣದ ಸಿರಿಂಜುಗಳನ್ನು ಅಂಗಳಕ್ಕೆ ಒಯ್ದ. ಜುಂಬರ್‌ಗೆ ಕೆಂಪು, ಉಳಿದವರಿಗೆ ನೀಲಿ, ಹಳದಿ, ತನಗೆ ಹಸಿರು.

"ಏನೋ ಇದು? ನನ್ ರಕ್ತ ನಿಂಗೆ ಅಸಹ್ಯಾನಾ?" ಎಂದ ಜುಂಬರ್.

"ರೋಗ ನನ್ನಲ್ಲೇ ಇರ್ಬೋದಣ್ಣಾ. ನಿಂಗೆ ಬರ್ದೇ ಇರ್ಲಿ ಅಂತ."

"ಅಪಶಕುನ ನುಡೀಬೇಡ. ಎದ್ದೋಗು ಇಲ್ಲಿಂದ!"

ಗೋಚಾ ಎದ್ದು ಬಂದ. ಕೂರಲು ಜೊತೆಯೇ ಇಲ್ಲದ ಮೇಲೆ ಆಸ್ಪತ್ರೆಗೆ ಹೋಗಿ, ಬೆಳಿಗ್ಗೆ ಬೆಳಿಗ್ಗೆ ನಶೆಗೆ ಬದಲಾಗಿ ಕೊಡುವ ಔಷಧಿ ಕುಡಿದು, ನಶೆ ಬಿಟ್ಟ. ನನ್ನ ಜೊತೆ ಕೆಲಸಕ್ಕೆ ಸೇರಿದ. ಮನೆಗೆ ಹೋಗುವಾಗ ಅದೇ ಮರದ ಪಕ್ಕ ಹಾಯಬೇಕು. ಇವನು ದಾಟುವವರೆಗೆ ಡಾಮಿನೋ ಸದ್ದು ನಿಲ್ಲುತ್ತಿತ್ತು.

"ಬೈದಿದ್ರೂ ಸಾಕಿತ್ತು, ನತೇಲಾ ಅಕ್ಕ," ಎನ್ನುತ್ತಿದ್ದ.

"ಸಾಯೋದು ತಪ್ತಲ್ಲ, ಇನ್ನೇನೋ ಬೇಕು ನಿಂಗೆ?" ಎಂದು ಗದರುತ್ತಿದ್ದೆ. ಅವನಿಗೆ ಬೇಕಿದ್ದದ್ದು ಆ ಮರದಡಿ ಒಂದು ಸ್ಟೂಲು. ಅದು ನನಗೂ ಗೊತ್ತಿತ್ತು.

ಒತಿಯಾ ಉಳಿಯಲಿಲ್ಲ. ಮಣ್ಣು ಮಾಡಿದ ಮೇಲಿನ ಊಟಕ್ಕೂ ಗೋಚಾನನ್ನು ಕರೆಯಲಿಲ್ಲ. ಅಲ್ಲಿ ನಡೆದದ್ದನ್ನು ಒತಿಯಾನ ಹೆಂಡತಿಯೇ ನನಗೆ ಹೇಳಿದಳು. ಜುಂಬರ್ ಬಟ್ಟಲು ಹಿಡಿದು ಎದ್ದನಂತೆ.

"ಒಂದೇ ರಕ್ತ, ಒಂದೇ ರಕ್ತ ಅಂತಿದ್ದೆ. ಆ ರಕ್ತಾನೇ ಇವನ್ನ ತಿಂತು," ಎಂದನಂತೆ. "ಇನ್ಮೇಲೆ ಇನ್ನೊಬ್ಬನ ಸೂಜಿ ಮುಟ್ಟೋನು ನನ್ ತಮ್ಮ ಅಲ್ಲ." ಎಲ್ಲರೂ ಎದ್ದು ನಿಂತು ಕುಡಿದರಂತೆ. ಕುಡಿದ ಮೇಲೆ ಮುಗಿಯಿತು, ಆ ಮಾತು ಇಲ್ಲಿ ಆಣೆಯಿದ್ದಂತೆ.

ಮಾರನೆಯ ವಾರ ಜುಂಬರ್ ನಾವು ಸೂಜಿ ಕೊಡುವ ಕಿಟಕಿಗೆ ಬಂದ. ಗೋಚಾ ಒಳಕೋಣೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ.

"ಕೆಂಪು, ನೀಲಿ, ಹಳದಿ ಕೊಡಿ."

"ಹಸಿರು ಬೇಕಾದಷ್ಟಿದೆ, ತಗೊಳ್ಳಿ," ಎಂದೆ.

"ಬೇಡಮ್ಮ. ಹಸಿರು ಗೋಚಾಂದು, ಯಾರೂ ಮುಟ್ಟಲ್ಲ. ಅವನ ಸ್ಟೂಲೂ ಹಾಕಿಟ್ಟಿದೀವಿ. ಬರಕ್ಕೆ ಹೇಳಿ."

ಒಳಗೆ ಪೆಟ್ಟಿಗೆಯ ಸದ್ದು ನಿಂತಿತು. ಜುಂಬರ್ ಸಿರಿಂಜುಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

"ಹೋಗೋ, ನಿನ್ನ ಮಾತೇ ಗೆದ್ದಿದೆ," ಎಂದೆ.

ಗೋಚಾನ ಕಣ್ಣು ಕೆಂಪಾಗಿತ್ತು. "ಹೋದ್ರೆ ಕೂರ್ತೀನಿ ಅಕ್ಕ. ಕೂತ್ರೆ ಅವರ ಜೊತೆ ನೆಲಮಾಳಿಗೆಗೂ ಇಳೀತೀನಿ. ನನ್ನ ಬುದ್ಧಿ ನಂಗೊತ್ತಲ್ಲ."

ಈಗ ಅಲ್ಲಿ ಅವನನ್ನು ಕಂಡು ಆಟ ನಿಲ್ಲಿಸುವವರಿಲ್ಲ, ಕರೆಯುವವರಿದ್ದಾರೆ. ಅವನೇ ಆ ಮರದ ದಾರಿ ಬಿಟ್ಟು ನದಿಯ ದಾರಿ ಹಿಡಿದು, ಸುತ್ತಿ ಬಳಸಿ ಮನೆ ಸೇರುತ್ತಾನೆ.